ಗಾಲಿಯ ಕೆಳಗಿನ ಕಾಡು

ಬೆಳಗಾವಿಯ ಆಟೋ ನಗರದ ಗ್ಯಾರೇಜುಗಳಲ್ಲಿ ದುಡಿಯುವವರಿಗೆ ಎರಡು ಲೆಕ್ಕ ಚೆನ್ನಾಗಿ ಗೊತ್ತು: ಆಕ್ಸಲ್ ಮೇಲೆ ಎಷ್ಟು ಟನ್ ಭಾರ, ಟೈರಿನೊಳಗೆ ಎಷ್ಟು ಪೌಂಡ್ ಹವಾ. ಖಾನಾಪುರದ ಕಾಡಿನಿಂದ ನಾಟಾ ಹೊರಬರುವಾಗ ಅಲ್ಲಿನ ನೆಲಕ್ಕೆ ಏನಾಗುತ್ತದೆ ಎಂದು ತಿಳಿಯಬೇಕಾದರೂ ಈ ಎರಡು ಲೆಕ್ಕಗಳೇ ಬೇಕು.

ಹಳೆಯ ಕಾಲದಂತೆ ಕಾಡು ಕಡಿಯುವುದು ಈಗ ನಿಂತಿದೆ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶದ ನಂತರ ಒಪ್ಪಿಗೆ ಪಡೆದ ಕಾರ್ಯಯೋಜನೆ ಇಲ್ಲದೆ ಮರಕ್ಕೆ ಗರಗಸ ಹಾಕುವಂತಿಲ್ಲ. ಖಾನಾಪುರ ತಾಲ್ಲೂಕಿನದೇ ಆದ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು. ಆದರೂ ಅಕೇಶಿಯಾ, ನೀಲಗಿರಿ, ಸಾಗುವಾನಿ ನೆಡುತೋಪುಗಳ ಕಟಾವು ಇದೆ, ಮಾಲ್ಕಿ ಜಮೀನಿನ ಮರಗಳಿವೆ, ರಸ್ತೆ ಮತ್ತು ವಿದ್ಯುತ್ ಮಾರ್ಗದ ಕೆಲಸಗಳಿವೆ. ಆನೆ, ಎತ್ತುಗಳು ದಿಮ್ಮಿ ಎಳೆಯುತ್ತಿದ್ದ ಘಟ್ಟದ ಕಾಡಿಗೆ ಈಗ ಟ್ರ್ಯಾಕ್ಟರು, ಜೆಸಿಬಿ, ಹಿಟಾಚಿ, ಲಾರಿಗಳು ಬರುತ್ತವೆ. ಕಡಿದ ಮರ ಎಲ್ಲರ ಕಣ್ಣಿಗೆ ಬೀಳುತ್ತದೆ. ಒತ್ತಿಹೋದ ಮಣ್ಣಿನ ಮೇಲೆ ಮುಂದಿನ ಮಳೆಗೆ ಹಸಿರು ಚಿಗುರುವುದರಿಂದ ಆ ಗಾಯ ಯಾರಿಗೂ ಕಾಣುವುದಿಲ್ಲ.

ಒಳ್ಳೆಯ ಕಾಡಿನ ಮೇಲ್ಮಣ್ಣಿನಲ್ಲಿ ಅರ್ಧದಷ್ಟು ಜಾಗ ಖಾಲಿ ಇರುತ್ತದೆ. ಎರೆಹುಳು, ಗೆದ್ದಲು, ಸತ್ತ ಬೇರುಗಳು ಕೊರೆದ ಆ ರಂಧ್ರಗಳಲ್ಲೇ ನೀರು ಇಳಿಯುವುದು, ಬೇರು ಉಸಿರಾಡುವುದು. ಅಂಥ ಮಣ್ಣನ್ನು ಒಣಗಿಸಿ ತೂಗಿದರೆ ಒಂದು ಘನ ಸೆಂಟಿಮೀಟರಿಗೆ ಸುಮಾರು ಒಂದು ಗ್ರಾಂ ಬರುತ್ತದೆ, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಭಾರದ ಗಾಲಿ ಓಡಾಡಿದ ಜಾಡಿನಲ್ಲಿ ಅದು 1.3, 1.5ಕ್ಕೆ ಏರಬಹುದು. ಮೊದಲು ಮುಚ್ಚಿಕೊಳ್ಳುವುದು ದೊಡ್ಡ ರಂಧ್ರಗಳೇ. ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುವ ಕೆಲಸವೂ ಅವುಗಳದ್ದೇ. ಮರಗಳ ಆಹಾರ ಹೀರುವ ಎಳೆಬೇರುಗಳು ಹೆಚ್ಚಾಗಿ ಮೇಲಿನ 30 ಸೆಂ.ಮೀ. ಒಳಗೇ ಹರಡಿರುವುದರಿಂದ, ಪಕ್ಕದಲ್ಲಿ ಕಡಿಯದೆ ಬಿಟ್ಟ ಮರವೂ ಸೊರಗುತ್ತದೆ. ಗಾಳಿ ಇಲ್ಲದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ಬಳಗವೇ ಬದಲಾಗುತ್ತದೆ. ಗಾಳಿಯಲ್ಲಿರುವ ಮೀಥೇನನ್ನು ಹೀರಿಕೊಳ್ಳುತ್ತಿದ್ದ ನೆಲ ಅದನ್ನೇ ಹೊರಬಿಡಲು ತೊಡಗುವುದನ್ನು ಸ್ವಿಟ್ಜರ್ಲೆಂಡಿನ ಕಾಡುಗಳಲ್ಲಿ ಸಂಶೋಧಕರು ಅಳೆದು ನೋಡಿದ್ದಾರೆ.

ಈಗ ಹವಾದ ಲೆಕ್ಕ. ಟೈರು ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಹವಾದಷ್ಟೇ ಇರುತ್ತದೆ. ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಟೈರಿಗೆ 12ರಿಂದ 20 ಪೌಂಡ್ ಸಾಕು, ಲಾರಿಯ ಟೈರಿಗೆ 100 ಪೌಂಡಿನ ಆಸುಪಾಸು ಬೇಕು. ಅದಕ್ಕೇ ಲಾರಿ ಡಾಂಬರಿನ ಮೇಲೇ ಇರಬೇಕು, ಕಾಡಿನೊಳಗೆ ಇಳಿಯಬಾರದು. ಟ್ರ್ಯಾಕ್ಟರಿನ ಹಿಂದೆ ಬರುವ ಟ್ರೇಲರನ್ನು ಮಾತ್ರ ನಾವು ಮರೆಯುತ್ತೇವೆ. ಚಿಕ್ಕ ಟೈರು, ಗಟ್ಟಿ ಹವಾ, ಮೇಲೆ ಹಸಿ ದಿಮ್ಮಿಗಳ ಹೊರೆ. ಎಷ್ಟೋ ಕಡೆ ನೆಲವನ್ನು ಹೆಚ್ಚು ಕೆಡಿಸುವುದು ಅದೇ.

ಹಾಗಾದರೆ ಅಗಲವಾದ ಟೈರು ಹಾಕಿ ಹವಾ ಇಳಿಸಿದರೆ ಸಾಕೇ? ಮೇಲ್ಪದರ ಮಟ್ಟಿಗೆ ನಿಜಕ್ಕೂ ಉಪಕಾರವಾಗುತ್ತದೆ. ಒತ್ತು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಮಾತ್ರ ಆಕ್ಸಲ್ ಮೇಲಿನ ಒಟ್ಟು ಭಾರವೇ ತೀರ್ಮಾನಿಸುತ್ತದೆ. ತೇವದ ಮಣ್ಣಿನಲ್ಲಿ 10 ಟನ್ನಿನ ಆಕ್ಸಲ್ ಅರ್ಧ ಮೀಟರ್ ಆಳದವರೆಗೂ ಮಣ್ಣನ್ನು ಅಮುಕಬಲ್ಲದು. ನಾಲ್ಕು ಟೈರಿನ ಒಂದು ಆಕ್ಸಲ್ ಹೊರಬಹುದಾದ ಭಾರವನ್ನು ಕೇಂದ್ರ ಸರ್ಕಾರ 2018ರಲ್ಲಿ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಆ ಮಿತಿ ಹೆದ್ದಾರಿಯ ಲೆಕ್ಕದ್ದು. ಕಾಡಿನ ನೆಲವನ್ನು ನೆನೆದು ಮಾಡಿದ್ದಲ್ಲ.

ಇಲ್ಲಿ ನಮ್ಮ ಜಿಲ್ಲೆಯದೇ ಒಂದು ಸಂಗತಿ ಹೇಳಬೇಕು. ಬೆಳಗಾವಿಯಿಂದ ಮೂಡಣಕ್ಕೆ, ಬೈಲಹೊಂಗಲ, ಸವದತ್ತಿ ಕಡೆಗೆ ಹೋದರೆ ಎರಿ ಭೂಮಿ. ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಆ ಬಿರಿತ, ಆ ಉಬ್ಬರಗಳೇ ಒತ್ತಿದ ಮಣ್ಣನ್ನು ವರ್ಷವರ್ಷವೂ ಸಡಿಲಿಸುತ್ತವೆ. ಖಾನಾಪುರದ ಪಡುವಣ ಕಾಡಿನಲ್ಲಿರುವುದು ಜಂಬಿಟ್ಟಿಗೆಯ ಕೆಂಪು ಮಣ್ಣು. ಅದರಲ್ಲಿರುವ ಕೇಯೊಲಿನೈಟ್ ಜೇಡಿ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಶೀತದೇಶಗಳಲ್ಲಿ ನೀರು ಹೆಪ್ಪುಗಟ್ಟಿ ಕರಗಿ ಮಣ್ಣನ್ನು ಸಡಿಲಿಸುವುದುಂಟು, ಇಲ್ಲಿ ಅದೂ ಇಲ್ಲ. ಉಳಿದದ್ದು ಬೇರು, ಗೆದ್ದಲು, ಎರೆಹುಳುಗಳ ನಿಧಾನದ ದುಡಿಮೆ. ಅದಕ್ಕೆ ದಶಕಗಳೇ ಬೇಕಾಗಬಹುದು. ಎರಿ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿದ ಅನುಭವವನ್ನು ಹಾಗೇ ಕಾಡಿಗೆ ಒಯ್ಯಬಾರದು ಎನ್ನುವುದು ಇದಕ್ಕೇ.

ಮಳೆ ಇನ್ನೊಂದು ಮುಖ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಅದೇ ಸೀಮೆಯ ಆಮಗಾಂವ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದು. ಇಳಿಜಾರಿನಲ್ಲಿ ನೇರ ಇಳಿದ ಗಾಲಿ ಜಾಡು ಆ ಮಳೆಗೆ ಹಳ್ಳವಾಗುತ್ತದೆ, ಕೊಚ್ಚಿದ ಮಣ್ಣು ಮಲಪ್ರಭೆಯ ಜೊತೆ ನವಿಲುತೀರ್ಥದ ಅಣೆಕಟ್ಟಿನ ದಾರಿ ಹಿಡಿಯುತ್ತದೆ. ಒಣ ಮಣ್ಣು ಭಾರ ತಡೆಯುತ್ತದೆ, ಹದವಾಗಿ ತೇವವಿದ್ದದ್ದು ಸುಲಭವಾಗಿ ಒತ್ತಿಕೊಳ್ಳುತ್ತದೆ, ನೀರು ನಿಂತದ್ದು ಕೆಸರಾಗಿ ತನ್ನ ಕಟ್ಟನ್ನೇ ಕಳೆದುಕೊಳ್ಳುತ್ತದೆ. ಮರದ ನೆರಳಿನಲ್ಲಿ ಮಳೆ ನಿಂತ ಮೇಲೂ ಬಹಳ ದಿನ ತೇವ ಆರುವುದಿಲ್ಲ. ಬೇಸಿಗೆಯಲ್ಲೂ ಒಂದು ಅಡ್ಡಮಳೆ ಬಿದ್ದರೆ ಕೆಲವು ದಿನ ಯಂತ್ರ ನಿಲ್ಲಿಸುವುದೇ ಸರಿ. ರೋಹಿಣಿ ಮಳೆಗೆ ಮೊದಲು ನಾಟಾ ಡಿಪೋ ಸೇರಲೇಬೇಕೆಂದು ಅವಸರ ಮಾಡಿದರೆ ಆಗುವ ಹಾನಿ ದೊಡ್ಡದು.

ಕೇಳಿದವರಿಗೆ ಮೊದಲು ತಪ್ಪೆನಿಸುವ ಮಾತೊಂದಿದೆ. ಭಾರವನ್ನು ಕಾಡಿನ ತುಂಬ ಹಂಚಬಾರದು, ಒಂದೇ ಜಾಡಿಗೆ ಕೂಡಿಸಬೇಕು. ಒಟ್ಟು ಒತ್ತುವಿಕೆಯ ಬಹುಪಾಲು ಮೊದಲ ಕೆಲವು ಓಡಾಟಗಳಲ್ಲೇ ಆಗಿಹೋಗುತ್ತದೆ. ಇಪ್ಪತ್ತನೆಯ ಸಲ ಅದೇ ಜಾಡಿನಲ್ಲಿ ಹೋದರೆ ಹೊಸ ಹಾನಿ ಸ್ವಲ್ಪವೇ, ಹೊಸ ನೆಲ ಹಿಡಿದರೆ ಪೂರ್ತಿ ಹಾನಿ. ಆದ್ದರಿಂದ ಕಟಾವಿಗೆ ಮೊದಲೇ ದಾರಿ ಗುರುತು ಹಾಕಿ, ದಿಮ್ಮಿಯನ್ನು ಅಲ್ಲಿಯವರೆಗೆ ಹಗ್ಗದಿಂದಲೋ ಎತ್ತಿನಿಂದಲೋ ಎಳೆದು ತರಬೇಕು. ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ ಕಡಿದ ರೆಂಬೆಗಳನ್ನೇ ಯಂತ್ರದ ಮುಂದೆ ಹಾಸಿ ಅದರ ಮೇಲೆ ಸಾಗುತ್ತಾರೆ. ನಮ್ಮಲ್ಲಿ ಆ ರೆಂಬೆ ಊರವರ ಒಲೆಗೆ ಬೇಕು, ಅದು ನ್ಯಾಯವೇ. ಸಾಗಾಟ ಮುಗಿಯುವವರೆಗೆ ಹಾಸಿ, ಆಮೇಲೆ ದಪ್ಪ ಕಟ್ಟಿಗೆಯನ್ನು ಆರಿಸಿಕೊಳ್ಳಲು ಬಿಟ್ಟರೆ ಎರಡೂ ನಡೆಯುತ್ತದೆ.

ಪರೀಕ್ಷಿಸಲು ಪ್ರಯೋಗಾಲಯ ಬೇಡ. ಎರಡೂ ಬದಿ ಕತ್ತರಿಸಿದ ಡಬ್ಬಿಯೊಂದನ್ನು ಗಾಲಿ ಜಾಡಿನಲ್ಲಿ ಒಂದು ಬೆರಳಷ್ಟು ಊರಿ, ಒಂದು ತಂಬಿಗೆ ನೀರು ಹೊಯ್ದು, ಇಂಗಲು ಎಷ್ಟು ಹೊತ್ತು ಬೇಕೆಂದು ನೋಡಿ. ಗಾಲಿ ತಾಗದ ತರಗೆಲೆ ನೆಲದಲ್ಲೂ ಹಾಗೆಯೇ ಮಾಡಿ. ಕಟಾವಿನ ಮೊದಲು ಮತ್ತು ನಂತರ ಇಷ್ಟನ್ನು ಬರೆದಿಡುವಂತೆ ಗುತ್ತಿಗೆಯ ಕರಾರಿನಲ್ಲೇ ಸೇರಿಸಬೇಕು, ದಾರಿಯ ಗುರುತು ಮತ್ತು ಟ್ರೇಲರಿನ ಹವಾದ ಮಿತಿಯ ಜೊತೆಗೆ.