ಕೆಂಪು ನೆಲವನ್ನು ಮುಚ್ಚಬೇಡಿ

ಹೊಲಿಗೆ ಕೋಣೆಗೆ ಮರದ ನೆಲವೇ ಸರಿ ಎನ್ನುವ ಮಾತು ಈಗ ಕೋಲ್ಕತ್ತದಲ್ಲಿ ಬಹಳ ಜನರ ಬಾಯಲ್ಲಿದೆ. ಲೇಕ್ ಮಾರ್ಕೆಟ್ ಸುತ್ತಮುತ್ತ ತಲೆಮಾರುಗಳಿಂದ ನೆಲೆಸಿರುವ ದಕ್ಷಿಣದವರಿಗೂ ಅದು ಅಂಟಿಕೊಂಡಿದೆ. ಮಕ್ಕಳು ಓದಿಗೋ ಕೆಲಸಕ್ಕೋ ಬೆಂಗಳೂರು ಸೇರಿದ ಮೇಲೆ ಮನೆಯಲ್ಲಿ ಒಂದು ಕೋಣೆ ಬಿಡುವಾಗುತ್ತದೆ. ಮಷೀನು, ಕತ್ತರಿಸುವ ಮೇಜು, ಬಟ್ಟೆಯ ಬೀರು ಅಲ್ಲಿಗೆ ಬರುತ್ತವೆ. ಅವೆಲ್ಲಕ್ಕಿಂತ ಮೊದಲು ಬರುವವನು ನೆಲ ಹಾಸುವವನು.

ಭವಾನಿಪುರದ ಹಳೆಯ ಮನೆಯೊಂದರಲ್ಲಿ ಇದನ್ನು ಕಣ್ಣಾರೆ ಕಂಡೆ. ಸುತ್ತ ಕರಿ ಅಂಚು, ನಡುವೆ ದಶಕಗಳ ಕಾಲ ಕಾಲಡಿ ಸವೆದು ನುಣುಪಾದ ಕೆಂಪು ಗಾರೆ. ಒಂದು ಬಿರುಕೂ ಇರಲಿಲ್ಲ. ಅದರ ಮೇಲೆ ತೆಳು ಫೋಮು ಹರಡಿ, ಫೋಮಿನ ಮೇಲೆ ಮರದ ಬಣ್ಣದ ಲ್ಯಾಮಿನೇಟ್ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಿದ್ದರು. ಯಾಕೆ ಎಂದು ಕೇಳಿದರೆ ಮನೆಯಾಕೆಯ ಬಳಿ ಉತ್ತರ ಸಿದ್ಧವಾಗಿತ್ತು: ಮಷೀನು ಅಲುಗಾಡುವುದಿಲ್ಲವಂತೆ, ಸದ್ದು ಅಡಗುತ್ತದಂತೆ, ಕಾಲಿಗೆ ವಾತ ಹಿಡಿಯುವುದಿಲ್ಲವಂತೆ, ನೆಲ ಬೆವರುವುದೂ ನಿಲ್ಲುತ್ತದಂತೆ. ಎಲ್ಲವೂ ಅಂಗಡಿಯವರು ಹೇಳಿಕೊಟ್ಟಿದ್ದು. ಇವುಗಳಲ್ಲಿ ಒಂದೂ ಪೂರ್ತಿಯಾಗಿ ನಿಲ್ಲುವ ಮಾತಲ್ಲ. ಕೊನೆಯದನ್ನು ನಂಬಿದರೆ ಹಾನಿಯೂ ಉಂಟು.

ಮೊದಲಿಗೆ, ಅದು ಮರವೇ ಅಲ್ಲ. ಮರದ ನಾರನ್ನು ಅಂಟಿನೊಂದಿಗೆ ಬಿಗಿಯಾಗಿ ಒತ್ತಿ ಮಾಡಿದ ಹಲಗೆ, ಅದರ ಮೇಲೆ ಮರದ ಗೆರೆಗಳನ್ನು ಅಚ್ಚು ಹಾಕಿದ ಕಾಗದ, ಕಾಗದದ ಮೇಲೆ ಮೆಲಮೈನಿನ ಗಟ್ಟಿ ಪದರ. ಎಲ್ಲ ಸೇರಿ 8 ಮಿಲಿಮೀಟರ್, ಹೆಚ್ಚೆಂದರೆ 12. ಮೇಲಿನ ಪದರ ನಿಜಕ್ಕೂ ಗಟ್ಟಿ, ಗೀರು ತಡೆಯುತ್ತದೆ, ಚೆಲ್ಲಿದ ಟೀಯನ್ನು ಒರೆಸಿದರೆ ಹೋಗುತ್ತದೆ. ತೊಂದರೆ ಇರುವುದು ಅಂಚುಗಳಲ್ಲಿ. ಎರಡು ಹಲಗೆ ಕೂಡುವ ಸಂದಿಯಲ್ಲಿ ಇಳಿದ ನೀರನ್ನು ಒಳಗಿನ ನಾರು ಹೀರಿ ಉಬ್ಬುತ್ತದೆ. ಹಾಗೆ ಉಬ್ಬಿದ ಅಂಚು ಒಣಗಿದ ಮೇಲೂ ಮೊದಲಿನ ಮಟ್ಟಕ್ಕೆ ಇಳಿಯುವುದಿಲ್ಲ. ಹೊಲಿಗೆ ಕೋಣೆಯಲ್ಲಿ ನೀರಿಗೇನು ಕೆಲಸ ಎನ್ನಬೇಡಿ. ಇಸ್ತ್ರಿ ಇಲ್ಲದ ಹೊಲಿಗೆ ಇಲ್ಲ. ಸ್ಟೀಮ್ ಇಸ್ತ್ರಿ ಪೆಟ್ಟಿಗೆ ತೊಟ್ಟಿಕ್ಕುತ್ತದೆ, ಹತ್ತಿಗೆ ಚಿಮುಕಿಸಿದ ನೀರು ನೆಲಕ್ಕೂ ಬೀಳುತ್ತದೆ.

ಅದಕ್ಕಿಂತ ದೊಡ್ಡ ಸಂಗತಿ ಈ ಊರಿನ ಗಾಳಿ. ಇಂಥ ಹಲಗೆಗಳು ಮನೆಯೊಳಗಿನ ತೇವಾಂಶ ಶೇ 40ರಿಂದ 60ರ ಆಸುಪಾಸಿನಲ್ಲಿದ್ದರೆ ಸುಖವಾಗಿರುತ್ತವೆ. ಕೋಲ್ಕತ್ತದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸರಾಸರಿಯೇ ಶೇ 80 ದಾಟುತ್ತದೆ. ಹಲಗೆ ಹಿಗ್ಗಲೆಂದು ಗೋಡೆಯ ಬುಡದಲ್ಲಿ ಸುತ್ತಲೂ ಸುಮಾರು 10 ಮಿಲಿಮೀಟರ್ ಸಂದು ಬಿಡುತ್ತಾರೆ, ಮೇಲೆ ಪಟ್ಟಿ ಹೊಡೆದು ಮುಚ್ಚುತ್ತಾರೆ. ಬಾಗಿಲ ಬಳಿ ಆ ಪಟ್ಟಿ ಸಡಿಲವಾದರೆ ಗುಂಡುಪಿನ್ನು, ಬಟನ್ನು, ಬಾಬಿನ್ನು ಎಲ್ಲ ಅದರೊಳಗೆ.

ಈಗ ಬೆವರಿನ ವಿಚಾರ. ಫೆಬ್ರವರಿ ಕಳೆದು ದಕ್ಷಿಣದ ಗಾಳಿ ಬೀಸತೊಡಗಿದಾಗ ಇಲ್ಲಿನ ಮನೆಗಳ ನೆಲ ಒಮ್ಮೊಮ್ಮೆ ಒರೆಸಿದಷ್ಟೂ ಒದ್ದೆಯಾಗುತ್ತದೆ. ಮಳೆಯ ಮೊದಲ ದಿನಗಳಲ್ಲೂ ಅದೇ ಪಾಡು. ಟೈಲ್ಸು, ಮಾರ್ಬಲ್ಲು ಭೂಮಿಯಿಂದ ನೀರು ಎಳೆಯುತ್ತವೆ ಎಂದು ಓದಿದವರೂ ಹೇಳುತ್ತಾರೆ. ಮೂರನೇ ಮಹಡಿಯಲ್ಲಿರುವವರೂ ಹೇಳುತ್ತಾರೆ! ಅವರ ನೆಲದ ಕೆಳಗೆ ಭೂಮಿ ಎಲ್ಲಿದೆ? ಅಲ್ಲಿರುವುದು ಕೆಳಮನೆಯವರ ಫ್ಯಾನು. ಆ ನೀರು ಬರುವುದು ಗಾಳಿಯಿಂದ. ಗಾಳಿ 30 ಡಿಗ್ರಿ ಇದ್ದು ಅದರಲ್ಲಿ ಶೇ 80 ತೇವ ಇದ್ದರೆ, ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯ ಮೇಲಾದರೂ ಹನಿ ಕಟ್ಟುತ್ತದೆ. ರಾತ್ರಿಯ ತಂಪು ಇನ್ನೂ ಉಳಿದಿರುವ ಕಲ್ಲಿನ ನೆಲ ಅಷ್ಟು ತಣ್ಣಗಿರುವುದು ಸಹಜ. ಕಿಟಕಿ ಮುಚ್ಚಿ ಫ್ಯಾನು ಹಾಕಿದರೆ ನೆಲ ಕೋಣೆಯ ಬಿಸಿಗೆ ಬಂದು ಒಣಗುತ್ತದೆ. ಜನ ಮಾಡುವುದು ಇದಕ್ಕೆ ತದ್ವಿರುದ್ಧ: ಗಾಳಿಯಾಡಲಿ ಎಂದು ಕಿಟಕಿ ತೆರೆದು ಇನ್ನಷ್ಟು ತೇವವನ್ನು ಒಳಗೆ ಕರೆಯುತ್ತಾರೆ.

ನೆಲಮಹಡಿಯ ಹಳೆಯ ಮನೆಗಳಲ್ಲಿ ಕೆಳಗಿನಿಂದಲೂ ತೇವ ಏರುವುದುಂಟು. ಬಂಗಾಳಿಗಳು ‘ನೋನಾ’ ಎನ್ನುವ ಉಪ್ಪು ಗೋಡೆಯ ಬುಡದಲ್ಲಿ ಹೊಮ್ಮಿ ಸುಣ್ಣ ಉದುರುವುದು ಅದರಿಂದಲೇ. ಎರಡರಲ್ಲಿ ಯಾವುದು ಎಂದು ತಿಳಿಯಲು ಯಾವ ತಜ್ಞನೂ ಬೇಡ. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ನೆಲಕ್ಕೆ ಗಾಳಿಯಾಡದಂತೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹನಿ ಹಾಳೆಯ ಮೇಲಿದ್ದರೆ ಗಾಳಿಯ ತೇವ, ಅಡಿಯಲ್ಲಿದ್ದರೆ ನೆಲದ ತೇವ. ಅಡಿಯಲ್ಲಿ ಹನಿ ಕಂಡ ಕೋಣೆಗೆ ಲ್ಯಾಮಿನೇಟ್ ಹಾಸುವುದೆಂದರೆ, ಹೊರಬರುತ್ತಿದ್ದ ತೇವವನ್ನು ಫೋಮಿನ ಕೆಳಗೆ ಕೂಡಿಹಾಕಿದಂತೆ. ನೆಲ ಬೆವರುವುದು ನಿಂತಿತೆಂದು ಮನೆಯವರು ನೆಮ್ಮದಿಯಾಗಿರುತ್ತಾರೆ, ಒಳಗೆ ಬೂಸ್ಟು ಬೆಳೆಯುತ್ತಿರುತ್ತದೆ. ಆ ವಾಸನೆ ಬೀರುವಿನಲ್ಲಿ ಮಡಿಸಿಟ್ಟ ರೇಷ್ಮೆಗೂ ಹತ್ತುತ್ತದೆ.

ಮಷೀನು ಅಲುಗಾಡುವ ಮಾತಿಗೆ ಬರೋಣ. ಮೋಟಾರು ಹಾಕಿದ ಮನೆಯ ಮಷೀನು ನಿಮಿಷಕ್ಕೆ 800, 1000 ಹೊಲಿಗೆ ಹಾಕುತ್ತದೆ. ಆ ಕುಲುಕಾಟವನ್ನು ತಡೆಯುವುದು ಕೆಳಗಿನ ಭಾರ. ಗಾರೆ ನೆಲ ಕೆಳಗಿನ ಕಾಂಕ್ರೀಟಿನೊಂದಿಗೆ ಒಂದೇ ಮೈಯಾಗಿರುತ್ತದೆ. ಫೋಮಿನ ಮೇಲೆ ತೇಲುವ ಹಲಗೆಗೆ ಆ ಭಾರವಿಲ್ಲ, ಕಾಲಿಟ್ಟಲ್ಲೆಲ್ಲ ಅದು ತುಸು ತಗ್ಗಿ ಏಳುತ್ತದೆ. ಬೀಡುಕಬ್ಬಿಣದ ಸ್ಟ್ಯಾಂಡಿನ ಹಳೆಯ ಕಾಲ್ಮಷೀನನ್ನು ಅದರ ಮೇಲೆ ಇಟ್ಟರೆ ಕಾಲಿನ ಗುರುತು ಶಾಶ್ವತ. ಅಲುಗಾಟ ಇದ್ದರೆ ಸ್ಟ್ಯಾಂಡಿನ ನಾಲ್ಕು ಕಾಲೂ ನೆಲ ಮುಟ್ಟಿವೆಯೇ, ತಿರುಪುಗಳು ಬಿಗಿಯಾಗಿವೆಯೇ ನೋಡಿ. ಕೊಡಿ-ಬೊರ್ಗಾ, ಅಂದರೆ ತೊಲೆ ಅಡ್ಡೆಗಳ ಮೇಲೆ ಕಟ್ಟಿದ ಹಳೆಯ ಮನೆಯ ಮಹಡಿಯಾದರೆ ಮಷೀನನ್ನು ಕೋಣೆಯ ನಡುವೆ ಇಡದೆ ತೊಲೆ ಊರಿರುವ ಗೋಡೆಯ ಬದಿಗೆ ಸರಿಸಿ, ಅಲ್ಲಿ ನೆಲ ತೊನೆಯುವುದು ಕಡಿಮೆ. ಸೂಜಿ ಪದೇ ಪದೇ ಮುರಿಯುವುದಕ್ಕೂ ನೆಲಕ್ಕೂ ಸಂಬಂಧವಿಲ್ಲ. ಜೀನ್ಸಿಗೆ 11ನೇ ನಂಬರಿನ ಸೂಜಿ ಹಾಕಿ, ಬಟ್ಟೆಯನ್ನು ಹಿಂದಿನಿಂದ ಎಳೆದರೆ ಯಾವ ನೆಲದ ಮೇಲಾದರೂ ಮುರಿಯುತ್ತದೆ. ಅದಕ್ಕೆ 16 ಬೇಕು.

ಸದ್ದಿನ ವಿಷಯದಲ್ಲಿ ಅಂಗಡಿಯವರ ಮಾತಿನಲ್ಲಿ ಒಂದಿಷ್ಟು ಹುರುಳಿದೆ. ಫೋಮಿರುವುದರಿಂದ ಕೆಳಮನೆಗೆ ಹೋಗುವ ದಡದಡ ಕಡಿಮೆಯಾಗಬಹುದು. ಆದರೆ ಹೊಲಿಯುವವರ ಕಿವಿಗೆ ಆ ತೇಲುವ ಹಲಗೆ ಹೆಚ್ಚೇ ಸದ್ದು ಮಾಡುತ್ತದೆ. ಕೆಳಮನೆಯವರ ನಿದ್ದೆ ಉಳಿಸಲು ಮಷೀನಿನ ಕಾಲುಗಳ ಕೆಳಗೆ ನಾಲ್ಕು ರಬ್ಬರ್ ಬಟ್ಟಲು ಸಾಕು. ಹೊಳಪಿನ ಟೈಲ್ಸಿನ ಮೇಲೆ ಮಷೀನು ಜಾರುವುದನ್ನೂ ಅವೇ ತಡೆಯುತ್ತವೆ.

ವಾತ? ಒಂದೇ ಕೋಣೆಯ ಮರ ಮತ್ತು ಗಾರೆ ಎರಡರ ಬಿಸಿಯೂ ಹೆಚ್ಚುಕಡಿಮೆ ಒಂದೇ. ಗಾರೆ ಅಂಗಾಲಿನ ಬಿಸಿಯನ್ನು ಮರಕ್ಕಿಂತ ಹಲವು ಪಟ್ಟು ಬೇಗ ಎಳೆದುಕೊಳ್ಳುತ್ತದೆ, ಹಾಗಾಗಿ ತಣ್ಣಗೆನಿಸುತ್ತದೆ. ತಣ್ಣಗೆನಿಸಿದ್ದಕ್ಕೆ ಮಂಡಿ ಸವೆಯುವುದಿಲ್ಲ. ಜನವರಿಯ ಕೆಲವು ವಾರ ಕಾಲುಚೀಲ ಹಾಕಿಕೊಳ್ಳಿ, ಮೇ ತಿಂಗಳಲ್ಲಿ ಅದೇ ತಂಪು ನಿಮ್ಮನ್ನು ಕಾಯುತ್ತದೆ. ಗಂಟೆಗಟ್ಟಲೆ ನಿಂತು ಕತ್ತರಿಸುವವರ ಕಾಲು ಗಟ್ಟಿ ನೆಲದ ಮೇಲೆ ಸೋಲುವುದು ನಿಜ. ಅದಕ್ಕೆ ನಿಲ್ಲುವ ಜಾಗಕ್ಕಷ್ಟೇ ಒಂದು ದಪ್ಪ ರಬ್ಬರ್ ಚಾಪೆ ಹಾಸಿಕೊಳ್ಳಿ, ಇಡೀ ಕೋಣೆಗಲ್ಲ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಇದು ಹೊಲಿಗೆ ಗೊತ್ತಿಲ್ಲದ ಊರಲ್ಲ. ಮಟಿಯಾಬುರ್ಜಿನ ಓಸ್ತಾಗರರು, ಅಂದರೆ ದರ್ಜಿ ಉಸ್ತಾದರು, ದೇಶದ ಮೂಲೆಮೂಲೆಗೆ ಸಿದ್ಧ ಉಡುಪು ಹೊಲಿದು ಕಳಿಸುತ್ತಿರುವುದು ಬರೀ ಸಿಮೆಂಟು ನೆಲದ ಮೇಲೆ ಕುಳಿತು. ಬಂಗಾಳದ ಹೆಂಗಸರು ಕಾಂತಾ ಹೊಲಿಯಲು ಹಳೆಯ ಸೀರೆಗಳನ್ನು ಪದರ ಪದರವಾಗಿ ಹರಡುವುದು ನೆಲದ ಮೇಲೆಯೇ, ಮೂಲೆಗೆ ಭಾರವಿಟ್ಟು ಸುಕ್ಕು ತೆಗೆಯುವುದೂ ಅಲ್ಲೇ. ನಮ್ಮ ಉತ್ತರ ಕರ್ನಾಟಕದ ಕೌದಿಯೂ ಹಾಗೆಯೇ ಹುಟ್ಟುತ್ತದೆ, ನಾಲ್ಕು ಜನ ನಾಲ್ಕು ದಿಕ್ಕಿಗೆ ಕುಳಿತು. ಇಂಥ ಹೊಲಿಗೆಗೆ ನೆಲವೇ ಮೇಜು. ಸಂದಿಲ್ಲದೆ, ಮಟ್ಟವಾಗಿ, ಒರೆಸಿದರೆ ಶುದ್ಧವಾಗುವ ಕೆಂಪು ಗಾರೆಗಿಂತ ಒಳ್ಳೆಯ ಮೇಜನ್ನು ಯಾರೂ ಮಾಡಿಲ್ಲ. ಕರ್ನಾಟಕದ ಮನೆಮನೆಗೆ ಬಂದ ಉಷಾ ಮಷೀನನ್ನೇ ನೋಡಿ. ಜೇ ಇಂಜಿನಿಯರಿಂಗ್ ವರ್ಕ್ಸ್ 1930ರ ದಶಕದಲ್ಲಿ ಅದನ್ನು ಮಾಡತೊಡಗಿದ್ದು ಇದೇ ಕೋಲ್ಕತ್ತದಲ್ಲಿ. ಪ್ರಿನ್ಸ್ ಅನ್ವರ್ ಶಾ ರಸ್ತೆಯಲ್ಲಿದ್ದ ಅದರ ಕಾರ್ಖಾನೆಯ ಜಾಗದಲ್ಲಿ ಈಗ ಸೌತ್ ಸಿಟಿಯ ಗೋಪುರಗಳೂ ಮಾಲೂ ನಿಂತಿವೆ. ಆ ಮಷೀನು ಸಗಣಿ ಸಾರಿಸಿದ ನೆಲದ ಮೇಲೂ ಓಡಿತು, ಕಡಪ ಕಲ್ಲಿನ ಮೇಲೂ ಓಡಿತು. ಮರದ ನೆಲ ಬೇಕೆಂದು ಯಾವ ಟೈಲರೂ ಕೇಳಲಿಲ್ಲ. ಚಳಿದೇಶದ ಹೊಲಿಗೆ ಕೋಣೆಗಳ ಫೋಟೋಗಳು ಮೊಬೈಲಿಗೆ ಬಂದ ಮೇಲೆ ಕೇಳತೊಡಗಿದ್ದೇವೆ. ಅಲ್ಲಿ ಮನೆಗೆ ಹೀಟರು ಹಾಕುತ್ತಾರೆ, ಒಳಗಿನ ಗಾಳಿ ಒಣಗಿರುತ್ತದೆ, ಮರ ಬಾಳುತ್ತದೆ. ಆ ಗಾಳಿಯನ್ನು ಬಿಟ್ಟು ನೆಲವನ್ನಷ್ಟೇ ತರಿಸಿಕೊಂಡರೆ ಏನಾದೀತು ಎಂದು ಯಾರೂ ಯೋಚಿಸುವುದಿಲ್ಲ. ನೆಲವನ್ನು ಕೈಯಿಂದ ಮುಟ್ಟಿ ನೋಡಬಲ್ಲವರು, ಪ್ಲಾಸ್ಟಿಕ್ ಹಾಳೆ ಅಂಟಿಸಿ ತಿಳಿಯಬಲ್ಲವರು, ಮಾರುವವನ ಮಾತನ್ನೇ ಸಾಕ್ಷಿ ಎನ್ನುತ್ತಾರೆ. ಮಾರುವವನಿಗೆ ನಿಮ್ಮ ಹಳೆಯ ನೆಲ ಚೆನ್ನಾಗಿದೆ ಎಂದು ಹೇಳುವುದರಲ್ಲಿ ಲಾಭವೇನು?

ಇದೇ ನಂಬಿಕೆಯ ಬಳಗದವು ಇನ್ನೂ ಕೆಲವಿವೆ. ಬಿಳಿ ಟೈಲ್ಸಿನ ಮೇಲೆ ಬಿದ್ದ ಸೂಜಿ ಬೇಗ ಕಾಣುತ್ತದೆ ಎನ್ನುತ್ತಾರೆ. ಹೊಳೆಯುವ ಬಿಳಿಯಲ್ಲಿ ಹೊಳೆಯುವ ಉಕ್ಕು ಕರಗಿಹೋಗುತ್ತದೆ, ಕೆಂಪಿನ ಮೇಲೆ ಎದ್ದು ಕಾಣುತ್ತದೆ. ಚುಕ್ಕೆಚುಕ್ಕೆಯ ಮೊಸಾಯಿಕ್ ಈ ಒಂದು ವಿಷಯದಲ್ಲಿ ಕೆಟ್ಟದ್ದು, ಅಲ್ಲಿ ದೀಪ ಆರಿಸಿ ಟಾರ್ಚನ್ನು ನೆಲಕ್ಕೆ ಮಲಗಿಸಿ ಹಿಡಿಯಿರಿ ಅಥವಾ ಅಯಸ್ಕಾಂತ ಆಡಿಸಿ. ಕಾಲಿಗೆ ಚುಚ್ಚಿ ಮುರಿದ ಸೂಜಿ ರಕ್ತದಲ್ಲಿ ತೇಲಿ ಎದೆಗೆ ಹೋಗುತ್ತದೆ ಎಂದು ಹೆದರಿಸುತ್ತಾರೆ. ಅದು ಸಾಮಾನ್ಯವಾಗಿ ಚುಚ್ಚಿದಲ್ಲೇ ಆಸುಪಾಸಿನಲ್ಲಿ ಉಳಿಯುತ್ತದೆ, ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಅದೇ ದಿನ ವೈದ್ಯರಲ್ಲಿಗೆ ಹೋಗಿ ತೆಗೆಸಬೇಕು, ಟೆಟನಸ್ ಚುಚ್ಚುಮದ್ದು ಆಗಿದೆಯೇ ನೋಡಬೇಕು.

ಮರದ ನೆಲ ಅಥವಾ ರಬ್ಬರ್ ಚಾಪೆ ಇದ್ದರೆ ಕರೆಂಟು ಹೊಡೆಯುವುದಿಲ್ಲ ಎಂಬ ಧೈರ್ಯ ಮಾತ್ರ ಜೀವಕ್ಕೇ ಎರವಾಗುವಂಥದ್ದು. 2025ರ ಸೆಪ್ಟೆಂಬರ್ 23ರ ಮಳೆಯನ್ನು ಈ ಊರು ಮರೆತಿಲ್ಲ. ದುರ್ಗಾಪೂಜೆ ಹೊಸ್ತಿಲಲ್ಲಿತ್ತು, ಹೊಲಿಗೆಯವರಿಗೆ ಉಸಿರಾಡಲೂ ಬಿಡುವಿಲ್ಲದ ಹೊತ್ತು. ಒಂದೇ ದಿನಕ್ಕೆ ಸುಮಾರು 250 ಮಿಲಿಮೀಟರ್ ಸುರಿದು ಮನೆ, ಬೀದಿಗಳಿಗೆಲ್ಲ ನೀರು ನುಗ್ಗಿತು. ನೀರಿನಲ್ಲಿ ವಿದ್ಯುತ್ ತಗುಲಿ ಹಲವರು ಸತ್ತರು. ಒದ್ದೆ ಹಲಗೆಯಾಗಲಿ ಒದ್ದೆ ಚಾಪೆಯಾಗಲಿ ಯಾರನ್ನೂ ಕಾಪಾಡುವುದಿಲ್ಲ. ಕಾಪಾಡುವುದು ಸರಿಯಾದ ಅರ್ಥಿಂಗು, ಮೇನ್ ಬೋರ್ಡಿನಲ್ಲಿ ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಸ್ವಿಚ್ಚು, ನೆಲದಿಂದ ಮೇಲೆ ಗೋಡೆಗೆ ಕೂರಿಸಿದ ಪ್ಲಗ್ಗು. ಹೊಸ ನೆಲಕ್ಕೆಂದು ತೆಗೆದಿಟ್ಟ ಹಣದಲ್ಲಿ ಮೊದಲು ಇವನ್ನು ಮಾಡಿಸಿ.

ಉಳಿದ ಹಣದಲ್ಲಿ ಇರುವ ನೆಲವನ್ನೇ ರಿಪೇರಿ ಮಾಡಿಸಿಕೊಳ್ಳಬಹುದು. ಕೆಂಪು ನೆಲದ ಬಿರುಕಿಗೆ ಸಿಮೆಂಟಿನಲ್ಲಿ ರೆಡ್ ಆಕ್ಸೈಡ್ ಬೆರೆಸಿ, ಮೊದಲು ಒಂದು ಹಲಗೆಯ ಮೇಲೆ ಒಣಗಿಸಿ ಬಣ್ಣ ಹೊಂದುತ್ತದೆಯೇ ನೋಡಿ ತುಂಬಿಸಿ, ವಾರದ ಮಟ್ಟಿಗೆ ಒದ್ದೆ ಗೋಣಿ ಹೊದಿಸಿಡಿ. ಮೊಸಾಯಿಕ್ ಮಂಕಾಗಿದ್ದರೆ ಮಷೀನು ಪಾಲಿಶ್ ಹೊಡೆಸಿದರೆ ಮತ್ತೆ ಹೊಸದಾಗುತ್ತದೆ. ಬಚ್ಚಲು ತೊಳೆಯುವ ಆಸಿಡ್ಡನ್ನು ಮಾತ್ರ ಇವೆರಡರ ಹತ್ತಿರವೂ ತರಬೇಡಿ, ಅದು ಸಿಮೆಂಟನ್ನೂ ಅಮೃತಶಿಲೆಯ ಚೂರನ್ನೂ ತಿನ್ನುತ್ತದೆ. ಕೆಂಪು ನೆಲಕ್ಕೆ ತೆಂಗಿನೆಣ್ಣೆ ಒರೆಸುವ ಹಳೆಯ ರೂಢಿಯೂ ಹೊಲಿಗೆ ಕೋಣೆಗೆ ಸಲ್ಲದು, ಎಣ್ಣೆ ಬಟ್ಟೆಗೆ ಏರುತ್ತದೆ. ಮೇಣದ ಪಾಲಿಶನ್ನು ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಚೆನ್ನಾಗಿ ಉಜ್ಜಿ. ಆಮೇಲೆ ಬಿಳಿಯ ಹತ್ತಿ ಬಟ್ಟೆಯ ತುಂಡೊಂದನ್ನು ಒತ್ತಿ ಎಳೆದು ನೋಡಿ. ಅದರಲ್ಲಿ ಕೆಂಪಾಗಲಿ ಜಿಡ್ಡಾಗಲಿ ಕಂಡರೆ ಇನ್ನೊಂದು ಸುತ್ತು ಉಜ್ಜಬೇಕು. ತುಂಡು ಬೆಳ್ಳಗೇ ಬಂದರೆ ಸೀರೆ ಹರಡಬಹುದು.