ಸಲಹೆ ದಿಲ್ಲಿಯದು, ಬಂಬ ಪಾಲಿಕೆಯದು

ಸೊಲ್ಲಾಪುರ: ಅಕ್ಕಲಕೋಟ ರಸ್ತೆಯ ಎಂಐಡಿಸಿಯ ಟಾವೆಲ್ ಕಾರಖಾನೆಯೊಂದಕ್ಕೆ 2025ರ ಮೇ 18ರ ಬೆಳಗಿನ ಜಾವ ಬೆಂಕಿ ಬಿದ್ದು, ಮಾಲೀಕರ ಮನೆಯವರೂ ಕೆಲಸಗಾರರೂ ಸೇರಿ 8 ಜನ ಸತ್ತರು. ಎಳೆ ಕೂಸೂ ಅವರಲ್ಲಿತ್ತು. ನೂಲು ತುಂಬಿದ ಜಾಗದಲ್ಲಿ ಬೆಂಕಿ ಎಷ್ಟು ಬೇಗ ಹಬ್ಬುತ್ತದೆ ಅನ್ನೋದನ್ನು ಚಾದರ, ಟಾವೆಲ್‌ಗಳ ಈ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಊರಿಗೆ ಎಷ್ಟು ಬಂಬ ಇರಬೇಕು, ಅದು ಎಷ್ಟು ಹೊತ್ತಿನೊಳಗೆ ಬಂದು ಮುಟ್ಟಬೇಕು, ಇದನ್ನು ನಿಗದಿ ಮಾಡೋರು ಯಾರು ಎನ್ನುವುದು ಬಹಳ ಮಂದಿಗೆ ಗೊತ್ತಿಲ್ಲ.

ಅದಕ್ಕೊಂದು ಮಂಡಳಿ ಇದೆ. ಕೇಂದ್ರ ಗೃಹ ಖಾತೆಯಡಿ 1955ರಲ್ಲಿ ಸ್ಥಾಯಿ ಅಗ್ನಿಶಾಮಕ ಸಲಹಾ ಸಮಿತಿ ಹುಟ್ಟಿತು. 1980ರಲ್ಲಿ ಅದು ಸಲಹಾ ಪರಿಷತ್ತು ಎಂದಾಯಿತು. ರಾಜ್ಯಗಳ ಅಗ್ನಿಶಾಮಕ ಸೇವೆಯ ಪ್ರತಿನಿಧಿಗಳ ಜೊತೆಗೆ ರಕ್ಷಣೆ, ಸಾರಿಗೆಯಂಥ ಖಾತೆಗಳವರು, ಭಾರತೀಯ ಮಾನಕ ಬ್ಯೂರೋದವರು ಇದರಲ್ಲಿ ಕೂಡುತ್ತಾರೆ. ದಳದ ತಾಂತ್ರಿಕ ತೊಡಕುಗಳನ್ನು ಪರಿಶೀಲಿಸಿ, ಎಷ್ಟು ಠಾಣೆ, ಎಷ್ಟು ಪಂಪು, ಎಂಥ ಸಾಮಾನು ಬೇಕೆಂದು ಸರಕಾರಕ್ಕೆ ತಿಳಿಸುವುದು ಇದರ ಕೆಲಸ.

ಪರಿಷತ್ತಿನ ಲೆಕ್ಕದ ಪ್ರಕಾರ ಮೊದಲ 3 ಲಕ್ಷ ಜನಸಂಖ್ಯೆಯವರೆಗೆ ಪ್ರತಿ 50 ಸಾವಿರಕ್ಕೆ ಒಂದು ಪಂಪು, ಅದರಾಚೆ ಲಕ್ಷಕ್ಕೊಂದು. 2011ರ ಜನಗಣತಿಯಲ್ಲಿ ಸೊಲ್ಲಾಪುರ ಶಹರದ ಜನ ಸುಮಾರು 9.5 ಲಕ್ಷ. ಮೊದಲ 3 ಲಕ್ಷಕ್ಕೆ 6, ಉಳಿದ ಆರೂವರೆ ಲಕ್ಷಕ್ಕೆ 6 ಅಥವಾ 7. ಅಂದರೆ ಆಗಿನ ಜನಸಂಖ್ಯೆಗೇ 12–13 ಪಂಪು ಆಯಿತು. ಊರು ಅಲ್ಲಿಗೇ ನಿಂತಿಲ್ಲ. ಬಂಬ ಬಂದು ಮುಟ್ಟಲು ಶಹರದಲ್ಲಿ 3ರಿಂದ 5 ನಿಮಿಷ, ಹಳ್ಳಿಯಲ್ಲಿ 20 ನಿಮಿಷ ಎಂಬುದು ಅದೇ ಪರಿಷತ್ತಿನ ಅಳತೆ.

ಹಳ್ಳಿಯ ಈ 20 ನಿಮಿಷದ್ದೇ ದೊಡ್ಡ ಚಿಂತೆ. ಠಾಣೆಯಿಂದ 25 ಕಿ.ಮೀ. ದೂರದ ಊರಿಗೆ, ತಾಸಿಗೆ 40 ಕಿ.ಮೀ. ವೇಗದಲ್ಲಿ ನೀರು ತುಂಬಿದ ಗಾಡಿ ಹೊರಟರೆ ಮೂವತ್ತೇಳೂವರೆ ನಿಮಿಷ ಬೇಕು. ಅಷ್ಟರೊಳಗೆ ಒಣಗಿದ ಕಣಕಿ ಬಣವಿಯಲ್ಲಿ ಉಳಿಯೋದು ಬೂದಿ. ಅಕ್ಕಲಕೋಟ, ಜತ್ತ ತಾಲೂಕಿನ ರೈತನಿಗೆ ಬಣವಿ ಅಂದರೆ ದನಗಳ ಇಡೀ ಬೇಸಿಗೆಯ ಊಟ. ಹಂಗಾಗಿ ಮಂದಿ ಟ್ಯಾಂಕರ್, ಕೊಡ, ಪಂಪ್‌ಸೆಟ್ಟಿನ ಪೈಪು ಹಿಡಿದೇ ಓಡಬೇಕಾಗುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡಿದರು ಅಂತ ಅವರನ್ನು ಆಡಿಕೊಳ್ಳುವಂತಿಲ್ಲ. ಬಾವಿ ತೋಡಬೇಕಾದವರು ಬೇರೆ.

ಸಲಹೆ ಅಂದರೆ ಸಲಹೆಯೇ, ಅದನ್ನು ಪಾಲಿಸಲೇಬೇಕು ಎಂದೇನಿಲ್ಲ. ಸಂವಿಧಾನದ 12ನೇ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆ ನಗರ ಸಂಸ್ಥೆಗಳ ಕೆಲಸಗಳ ಯಾದಿಯಲ್ಲಿದೆ. ಮಹಾರಾಷ್ಟ್ರದಲ್ಲಿ ರಾಜ್ಯ ಮಟ್ಟದಲ್ಲಿ ಸಂಚಾಲಕರಿದ್ದರೂ ದಳವನ್ನು ನಡೆಸುವವರು ಮಹಾನಗರಪಾಲಿಕೆ, ನಗರಪರಿಷತ್ತಿನವರು. ಗಡಿ ದಾಟಿ ವಿಜಯಪುರ ಜಿಲ್ಲೆಗೆ ಹೋದರೆ ವ್ಯವಸ್ಥೆಯೇ ಬೇರೆ. ಅಲ್ಲಿ 1964ರ ಕಾಯ್ದೆಯಡಿ ರಾಜ್ಯ ಸರಕಾರದ ಇಲಾಖೆಯೇ ಠಾಣೆಗಳನ್ನು ನಡೆಸುತ್ತದೆ. ಎರಡೂ ಕಡೆ ಬೀಗರಿರುವ ಮನೆಗಳಿಗೆ ಈ ವ್ಯತ್ಯಾಸ ಗೊತ್ತಿರುವುದು ಒಳ್ಳೆಯದು. ಇಲ್ಲಿ ಬಂಬ ಕೇಳಬೇಕಾದದ್ದು ಮೊದಲು ನಗರಸೇವಕರ ಹತ್ತಿರ.

ಸಲಹೆಗೆ ಬಲ ಬರೋದು ಹಣ ಕೂಡಿದಾಗ. 15ನೇ ಹಣಕಾಸು ಆಯೋಗದ ಶಿಫಾರಸಿನ ಮೇಲೆ ಕೇಂದ್ರ ಸರಕಾರ 2023ರಲ್ಲಿ ರಾಜ್ಯಗಳ ಅಗ್ನಿಶಾಮಕ ಸೇವೆ ವಿಸ್ತರಣೆಗೆ 5,000 ಕೋಟಿ ರೂಪಾಯಿಯ ಯೋಜನೆ ತಂದಿತು. ಇದರಲ್ಲಿ ರಾಜ್ಯವೂ ತನ್ನ ಪಾಲು ಹಾಕಬೇಕು.

ಕಾರಖಾನೆಗಳ ಮಟ್ಟಿಗೆ ಮಾತ್ರ ವಿಷಯ ಸಲಹೆಗೆ ನಿಂತಿಲ್ಲ, ಕಾಯ್ದೆಯೇ ಇದೆ. 2006ರ ಮಹಾರಾಷ್ಟ್ರ ಅಗ್ನಿ ಪ್ರತಿಬಂಧಕ ಹಾಗೂ ಜೀವ ಸಂರಕ್ಷಕ ಕಾಯ್ದೆಯ ಯಾದಿಯಲ್ಲಿ ಬರುವ ಕಾರಖಾನೆ, ಗೋದಾಮು, ಆಸ್ಪತ್ರೆಗಳ ಮಾಲೀಕರು ಅಥವಾ ವಹಿವಾಟುದಾರರು, ಬೆಂಕಿ ಆರಿಸುವ ಸಾಮಾನು ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರವನ್ನು ಲೈಸನ್ಸ್ ಇರುವ ಏಜೆನ್ಸಿಯಿಂದ ಪಡೆದು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಅಗ್ನಿಶಾಮಕ ಅಧಿಕಾರಿಗೆ ಕೊಡಬೇಕು. ಆ ಕಾಗದದ ಹೆಸರು ‘ಫಾರ್ಮ್ ಬಿ’. ದುಡಿಯುವ ಕಾರಖಾನೆಯ ಆಫೀಸಿನಲ್ಲಿ ಅದನ್ನು ಕೇಳಿ ನೋಡಬಹುದು.