ಹಿರಾತ್‌ನಿಂದ ಬೀಜಿಂಗ್‌ಗೆ ಹೋದ ದೂತರು

ರೇಷ್ಮೆ ದಾರಿ ಎಂದಾಗ ನಮಗೆ ಒಂಟೆ, ಸರಕು, ಸಂತೆಗಳು ನೆನಪಾಗುತ್ತವೆ. ಆದರೆ ಅರಸರ ನಡುವೆ ಮಾತು ಕೆಟ್ಟರೆ ಆ ದಾರಿಯೂ ಮುಚ್ಚುತ್ತಿತ್ತು ಎಂಬುದನ್ನು ನಾವು ಮರೆಯುತ್ತೇವೆ.

ಮಧ್ಯ ಏಷ್ಯಾದ ಅಮೀರ್ ತೈಮೂರ್ ಚೀನಾದ ಮಿಂಗ್ ಚಕ್ರವರ್ತಿಯ ದೂತರನ್ನು ವರ್ಷಗಟ್ಟಲೆ ತಡೆದಿಟ್ಟುಕೊಂಡಿದ್ದನು. ಕೊನೆಗೆ ಚೀನಾದ ಮೇಲೆ ದಂಡೆತ್ತಿ ಹೊರಟು, 1405ರಲ್ಲಿ ದಾರಿಯಲ್ಲೇ ಒತ್ರಾರ್‌ನಲ್ಲಿ ಮರಣ ಹೊಂದಿದನು. ಹಿರಾತ್‌ನಿಂದ ಆಳಿದ ಅವನ ಮಗ ಶಾರುಖ್ ಬೇರೆ ದಾರಿ ಹಿಡಿದನು. ಚಕ್ರವರ್ತಿ ಯೋಂಗ್ಲೆ ಮೊದಲು ಅವನನ್ನು ಸಾಮಂತನೆಂಬಂತೆ ಕಂಡು ಪತ್ರ ಬರೆದನು. ಶಾರುಖ್ ಅದಕ್ಕೆ ಕತ್ತಿಯಿಂದ ಉತ್ತರಿಸಲಿಲ್ಲ. ಇಸ್ಲಾಮಿಗೆ ಆಹ್ವಾನ ನೀಡಿ ಪತ್ರ ಬರೆದನು. ದೂತರು ಹೋಗಿ ಬಂದು ಮಾಡತೊಡಗಿದರು. ಕೆಲವು ವರ್ಷಗಳಲ್ಲಿ ಚಕ್ರವರ್ತಿಯ ಪತ್ರದ ಧಾಟಿ ಬದಲಾಯಿತು, ಸಮಾನರೊಡನೆ ಮಾತಾಡುವ ರೀತಿ ಬಂತು.

1419ರ ಕೊನೆಯಲ್ಲಿ ಹಿರಾತ್‌ನಿಂದ ದೊಡ್ಡ ನಿಯೋಗವೊಂದು ಹೊರಟಿತು. ವರ್ತಕರೂ ದೂತರ ಪರಿವಾರದಲ್ಲಿ ಸೇರಿಕೊಂಡಿದ್ದರು. ಕಂಡದ್ದನ್ನೆಲ್ಲ ದಿನವಹಿ ಬರೆಯುವ ಹೊಣೆ ಚಿತ್ರಕಾರ ಗಿಯಾಸುದ್ದೀನ್ ನಕ್ಕಾಶ್‌ರದ್ದು. ಹಾಮಿ ಪಟ್ಟಣದಲ್ಲಿ ಮಸೀದಿಯೂ ಬೌದ್ಧ ಮಂದಿರವೂ ಎದುರುಬದುರಾಗಿ ನಿಂತಿದ್ದುದನ್ನು ಅವರು ಬರೆದಿಟ್ಟಿದ್ದಾರೆ.

ಸುಮಾರು ಒಂದು ವರ್ಷದ ಪಯಣದ ಬಳಿಕ, 1420ರ ಡಿಸೆಂಬರಿನಲ್ಲಿ ಅವರು ಬೀಜಿಂಗ್ ತಲುಪಿದರು. ದರ್ಬಾರಿನಲ್ಲಿ ಹಣೆಯನ್ನು ನೆಲಕ್ಕೆ ಮುಟ್ಟಿಸುವಂತೆ ಹೇಳಲಾಯಿತು. ದೂತರು ಮೂರು ಬಾರಿ ತಲೆ ಬಾಗಿಸಿದರು, ಹಣೆಯನ್ನು ಮಾತ್ರ ನೆಲಕ್ಕೆ ಮುಟ್ಟಿಸಲಿಲ್ಲ. ಗೌರವ ಅರಸನಿಗೆ, ಸುಜೂದ್ ಅಲ್ಲಾಹನಿಗೆ ಮಾತ್ರ ಎಂಬ ಗೆರೆಯನ್ನು ನಾವು ಇಲ್ಲಿ ಕಾಣಬಹುದು.

ಮುಂದೆ ಇನ್ನೊಂದು ಕಷ್ಟ ಬಂತು. ಶಾರುಖ್ ಕಳುಹಿಸಿದ್ದ ಕುದುರೆ ಬೇಟೆಯ ವೇಳೆ ಚಕ್ರವರ್ತಿಯನ್ನು ಕೆಡವಿತು. ಕೋಪಗೊಂಡ ಅವನು ದೂತರನ್ನು ಬಂಧಿಸಿ ದೂರದ ಸೀಮೆಗೆ ಅಟ್ಟಲು ಹೊರಟನು. ಆಗ ಆಸ್ಥಾನದಲ್ಲಿದ್ದ ಮುಸ್ಲಿಮ್ ಖಾಝಿ ಮೌಲಾನಾ ಯೂಸುಫ್ ಮತ್ತು ಇತರ ಅಧಿಕಾರಿಗಳು ಅಡ್ಡ ಬಂದರು. ಅರಸ ಕೊಟ್ಟ ಕುದುರೆ ಒಳ್ಳೆಯದೋ ಕೆಟ್ಟದ್ದೋ, ದೂತರೇನು ಮಾಡಿಯಾರು? ಅವರನ್ನು ಶಿಕ್ಷಿಸಿದರೆ ಅವರ ಅರಸನಿಗೆ ನಷ್ಟವಿಲ್ಲ, ಕೆಡುವುದು ನಿಮ್ಮ ಹೆಸರೇ ಎಂದು ಅವರು ತಿಳಿಹೇಳಿದರು. ಚಕ್ರವರ್ತಿ ಶಾಂತನಾದನು. 1422ರಲ್ಲಿ ನಿಯೋಗ ಹಿರಾತ್‌ಗೆ ಮರಳಿತು.

ಈ ದಿನಚರಿಯನ್ನು ತಮ್ಮ ಇತಿಹಾಸದಲ್ಲಿ ಸೇರಿಸಿ ಉಳಿಸಿದವರಲ್ಲಿ ಅಬ್ದುರ್ರಝಾಕ್ ಸಮರ್ಕಂದಿಯೂ ಒಬ್ಬರು. 1443ರಲ್ಲಿ ಶಾರುಖ್‌ನ ದೂತರಾಗಿ ನಮ್ಮ ವಿಜಯನಗರಕ್ಕೆ, ಎರಡನೇ ದೇವರಾಯನ ಆಸ್ಥಾನಕ್ಕೆ ಬಂದವರೂ ಅವರೇ.

ದೂತರಿಗೆ ಕೇಡು ಮಾಡಬಾರದೆಂಬುದು ನಮ್ಮ ಪ್ರವಾದಿ(ಸ)ಯವರು ಪಾಲಿಸಿ ತೋರಿಸಿದ ನೀತಿ. ತೈಮೂರ್ ಅದನ್ನು ಮರೆತನು. ಪರದೇಶದ ಆಸ್ಥಾನದಲ್ಲಿ ಒಬ್ಬ ಖಾಝಿ ಅದನ್ನು ನೆನಪಿಸಿದರು. ಹೆದರದೆ ಆಡಿದ ಒಂದು ನ್ಯಾಯದ ಮಾತು ಹಲವು ಜೀವಗಳನ್ನೂ ಎರಡು ರಾಜ್ಯಗಳ ನಡುವಿನ ದಾರಿಯನ್ನೂ ಉಳಿಸಿತು. ನೆರೆಹೊರೆಯಲ್ಲಿ ಮಾತು ಕೆಟ್ಟಾಗ ನಾವೂ ಇದನ್ನು ನೆನೆಯೋಣ.